ಬೆಳಕಿರುವಾಗ ಕೊಡುವ ಬಹುಮಾನ

ಕ್ಯಾಂಪ್, ಬೆಳಗಾವಿ
17 ನವೆಂಬರ್ 2024

ನಿಖತ ಬೇಟಾ,

ಫೋನು ಹಚ್ಚಿ ಹಚ್ಚಿ ಸಾಕಾಗಿ ಕಾಗದ ಹಿಡಿದಿದ್ದೇನೆ. ನೀನು ಕಲಿಸುವ ಫಣಸವಾಡಿಯಲ್ಲಿ ರೇಂಜು ಸಿಗುವುದಿಲ್ಲ ಎಂದು ಗೊತ್ತಿದ್ದೂ ದಿನಾ ಸಂಜೆ ಒಮ್ಮೆ ನಿನ್ನ ನಂಬರು ಒತ್ತುತ್ತೇನೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಆ ಹೆಣ್ಣುಮಗಳು ಹೇಳುತ್ತಾಳೆ. ನಿನ್ನ ಅಮ್ಮಿ ಏನೂ ಕೇಳಿಸದವಳ ಹಾಗೆ ಒಲೆಯ ಕಡೆ ತಿರುಗುತ್ತಾಳೆ.

ಪೇಪರಿನಲ್ಲಿ ಮತ್ತೆ ಬಂದಿದೆ. ಜಾಂಬೋಟಿ ಕಡೆ ಗದ್ದೆಗೆ ಹೋದವನ ಮೇಲೆ ಕರಡಿ ಬಿದ್ದಿತಂತೆ. ಆ ಪುಟವನ್ನು ಅಮ್ಮಿಯ ಕಣ್ಣಿಗೆ ಬೀಳದಂತೆ ನನ್ನ ಕೆತ್ತನೆಯ ಅಂಗಡಿಗೆ ತಂದೆ. ಸಂಜೆ ಮನೆಗೆ ಹೋದರೆ ಪಕ್ಕದ ಮನೆಯಿಂದ ಅದೇ ಪೇಪರು ತರಿಸಿ ಓದಿದ್ದಳು. ವರ್ಗಾವಣೆಗೆ ಅರ್ಜಿ ಹಾಕು ಎಂದು ನಾನು ಹೇಳುವುದಿಲ್ಲ. ಹೋದ ಸಲ ಹೇಳಿ ನಾವಿಬ್ಬರೂ ಎಷ್ಟು ದಿನ ಮಾತು ಬಿಟ್ಟಿದ್ದೆವು ಎಂಬುದು ನೆನಪಿದೆ.

ಈಗ ನಿನ್ನಿಂದ ಒಂದು ಸಲಹೆ ಬೇಕು. ರತ್ನಮಾಲಾ ಮೇಡಂ ಅಂಗಡಿಗೆ ಬಂದಿದ್ದರು. ಕಾಲೇಜಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಶಾಲಾ ಮಕ್ಕಳ ರೋಬೋಟ್ ಸ್ಪರ್ಧೆಯನ್ನು ಪ್ರತಿ ವರ್ಷ ನಡೆಸುವವರು. ಗೆದ್ದವರ ಕಪ್ಪುಗಳ ಚಿಂತೆ ಇಲ್ಲ. ಗೆಲ್ಲದ ಮಕ್ಕಳಿಗೆ ಏನು ಕೊಡುವುದು? "ಹೋದ ವರ್ಷ ಕೊಟ್ಟ ಪದಕ ಹಾಲಿನ ಕುರ್ಚಿ ಕೆಳಗ ಬಿದ್ದಿದ್ವು, ಸನಾಉಲ್ಲಾ ಭಾಯಿ. ಕಸ ಹೊಡಿಯಾಕಿ ಬುಟ್ಟಿ ತುಂಬ ತಂದು ನನ್ನ ಮುಂದ ಇಟ್ಲು. ನಾಚಿಕಿ ಬಂತು ನನಗ" ಎಂದರು.

ನನಗೂ ಬಂತು. ಪಲ್ಟನ್ನಿನ ಸಾಹೇಬರು ಊರು ಬಿಡುವಾಗ ಕೊಡುವ ತಟ್ಟೆಯ ಮೇಲೆ ಅವರು ಎಲ್ಲೆಲ್ಲಿ ದುಡಿದರು ಎಂದು ಒಂದೊಂದೇ ಅಕ್ಷರ ಕೊರೆಯುತ್ತೇನೆ. ಅದನ್ನು ಯಾರೂ ಕುರ್ಚಿಯ ಕೆಳಗೆ ಬಿಟ್ಟು ಹೋಗಿಲ್ಲ. ಮಕ್ಕಳ ಪದಕದ ಮೇಲೆ ಮಾತ್ರ ಅಚ್ಚು ಹೊಡೆದ ಹಾಗೆ ಒಂದೇ ಮಾತು: 'ಭಾಗವಹಿಸಿದ್ದಕ್ಕೆ'. ನೀನು ಮಕ್ಕಳ ನಡುವೆ ಇರುವವಳು. ಏನು ಕೊಟ್ಟರೆ ಮನೆತನಕ ಒಯ್ಯುತ್ತಾರೆ, ಹೇಳು.

ಹೊತ್ತು ಮುಳುಗುವ ಮೊದಲೇ ಕೋಣೆ ಸೇರು.

ನಿನ್ನ ಅಬ್ಬಾ,
ಸನಾಉಲ್ಲಾ

*

ಫಣಸವಾಡಿ
1 ಡಿಸೆಂಬರ್ 2024

ಅಬ್ಬಾ,

ನಿಮ್ಮ ಕಾಗದವನ್ನು ಬಸ್ಸಿನ ಕಂಡಕ್ಟರ್ ಶಾಲೆಗೇ ತಂದುಕೊಟ್ಟರು. ಮಕ್ಕಳಿಗೆ ಅರ್ಧ ಓದಿ ತೋರಿಸಿದೆ. ಕರಡಿಯ ಭಾಗ ಓದಲಿಲ್ಲ.

ಈ ಸಲ ನಮ್ಮ ಶಾಲೆಯಿಂದಲೂ ಇಬ್ಬರು ಹುಡುಗಿಯರು ನಿಮ್ಮ ಸ್ಪರ್ಧೆಗೆ ಬರುತ್ತಾರೆ. ಏಳನೆಯ ತರಗತಿಯ ಕಾಶವ್ವ, ಅವಳ ಗೆಳತಿ ಶೇವಂತಾ. ಯಾರೋ ದಾನ ಕೊಟ್ಟ ಮೋಟಾರು, ಎಣ್ಣೆಯ ಡಬ್ಬಿ, ಒಂದು ಟಾರ್ಚು, ಎತ್ತಿನ ಕೊರಳ ಗಂಟೆ, ಇಷ್ಟರಲ್ಲಿ ಒಂದು ಪುಟ್ಟ ಗಾಡಿ ಮಾಡಿದ್ದಾರೆ. ನೆಲಕ್ಕೆ ಬಿಟ್ಟರೆ ದೀಪ ಹಾಕಿಕೊಂಡು, ಗಂಟೆ ಬಾರಿಸಿಕೊಂಡು ಕಾಲುದಾರಿಯಲ್ಲಿ ನಮಗಿಂತ ಮುಂದೆ ಹೋಗುತ್ತದೆ. ಸದ್ದು ಕೇಳಿದರೆ ಕರಡಿ ತಾನಾಗಿ ದೂರ ಸರಿಯುತ್ತದೆ ಎಂಬುದು ಇಲ್ಲಿಯವರ ತಿಳಿವಳಿಕೆ. ಹುಡುಗಿಯರು ಅದಕ್ಕೆ 'ಮುಂದಿನಾಕಿ' ಎಂದು ಹೆಸರಿಟ್ಟಿದ್ದಾರೆ.

ಕಾಶವ್ವನಿಗೆ ಈ ಯೋಚನೆ ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಕೇಳಬೇಕಾಗಿಯೂ ಇಲ್ಲ. ಎರಡು ವರ್ಷದ ಹಿಂದೆ ಅವಳ ತಾಯಿ ಅಕ್ಕವ್ವನ ಮುಖವನ್ನು ಕರಡಿ ಸೀಳಿತು. ಆ ಹೊತ್ತಿನಲ್ಲಿ ಮಗಳು ಬದುವಿನ ಮೇಲೆ ನಿಂತಿದ್ದಳು.

ನಿಮ್ಮ ಪ್ರಶ್ನೆಗೆ ಉತ್ತರ: ಸಣ್ಣ ಫಲಕ ಸಾಕು. ಅದರ ಮೇಲೆ ಮಗುವಿನ ಹೆಸರು, ಹೆಸರಿನ ಕೆಳಗೆ ಆ ಮಗು ಏನು ಮಾಡಿತು ಎಂಬ ಒಂದೇ ಸಾಲು. ಒಬ್ಬರ ಸಾಲು ಇನ್ನೊಬ್ಬರಿಗೆ ಹೊಂದಬಾರದು. ಸೋತದ್ದನ್ನಲ್ಲ, ಮಾಡಿದ್ದನ್ನು ಬರೆಯಿರಿ.

ನಮ್ಮ ಬಗ್ಗೆ ಹೆದರಬೇಡಿ. ನಾವು ಗುಂಪಾಗಿ ಗದ್ದಲ ಮಾಡುತ್ತ ನಡೆಯುತ್ತೇವೆ.

ನಿಮ್ಮ ಮಗಳು,
ನಿಖತ

*

ಕ್ಯಾಂಪ್, ಬೆಳಗಾವಿ
22 ಡಿಸೆಂಬರ್ 2024

ಬೇಟಾ,

ಮೇಡಂ ನಿನ್ನ ಮಾತನ್ನು ಸಮಿತಿಯ ಮುಂದಿಟ್ಟರು, ಎಲ್ಲರೂ ಒಪ್ಪಿದರು. ಒಂದೇ ತೊಡಕು. ಯಾವ ಮಗು ಏನು ಮಾಡಿದೆ ಎಂಬುದು ಯಂತ್ರ ನೋಡುವವರೆಗೂ ಗೊತ್ತಾಗುವುದಿಲ್ಲ. ಹಾಗಾಗಿ ಕೊರೆಯುವ ಮಷಿನ್ನನ್ನು ಹಾಲಿಗೇ ಒಯ್ದು ಅಲ್ಲೇ ಕೂರುತ್ತೇನೆ. ಪರೀಕ್ಷಕರು ಹೇಳಿದ ಹಾಗೆ ಬರೆಯುತ್ತೇನೆ, ಸಮಾರೋಪದಲ್ಲಿ ಕೊಡುತ್ತಾರೆ. ನಾಲ್ಕು ಗಂಟೆಗೆ ಎಲ್ಲ ಮುಗಿಯುತ್ತದಂತೆ.

ನಾಲ್ಕಕ್ಕೆ ಮುಗಿದರೂ ನೀವು ಊರು ಮುಟ್ಟುವಾಗ ಎಷ್ಟಾಗುತ್ತದೆ? ಆ ರಾತ್ರಿ ಹುಡುಗಿಯರನ್ನು ಕರೆದುಕೊಂಡು ನಮ್ಮ ಮನೆಯಲ್ಲೇ ಉಳಿ. ಅಮ್ಮಿ ಈಗಲೇ ಹಾಸಿಗೆ ಬಿಸಿಲಿಗೆ ಹಾಕಿದ್ದಾಳೆ.

ಕಳೆದ ಕಾಗದದಲ್ಲಿ 'ಹೆದರಬೇಡಿ' ಎಂಬುದರ ಮೇಲೆ ಒಂದು ಸಾಲನ್ನು ನೀನು ಗೀಚಿ ಹೊಡೆದುಹಾಕಿದ್ದೀ. ಬೆಳಕಿಗೆ ಹಿಡಿದು ನೋಡಿದೆ. ಓದಲಾಗಲಿಲ್ಲ. ಅಮ್ಮಿಯೂ ಹಿಡಿದು ನೋಡಿದಳು.

ಅಬ್ಬಾ

*

ಫಣಸವಾಡಿ
19 ಜನವರಿ 2025

ಅಬ್ಬಾ,

ಉಳಿಯಲಾಗುವುದಿಲ್ಲ. ಅಕ್ಕವ್ವನ ಮನೆಗೆ ಮೂರು ಸಲ ಹೋಗಿ ಒಪ್ಪಿಸಬೇಕಾಯಿತು. ಮೊದಲೆರಡು ಸಲ ಅವರು ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಗೋಡೆಗೆ ತಿರುಗಿ ಕುಳಿತಿದ್ದರು. ಮೂರನೆಯ ಸಲ ಮಾತನಾಡಿದರು. "ಟೀಚರ್, ಹುಡುಗಿನ್ನ ನಿಮ್ಮ ಕೈಯಾಗ ಕೊಡ್ತೀನಿ. ಕತ್ತಲಾಗೂದ್ರಾಗ ತಿರುಗಿ ನನ್ನ ಕೈಯಾಗ ಕೊಡಬೇಕ್ರಿ. ಬ್ಯಾರೆ ಏನೂ ಕೇಳಂಗಿಲ್ಲ."

ಕೊಡುತ್ತೇನೆ ಎಂದೆ. ಕಾಶವ್ವ ಒಲೆಯ ಮುಂದೆ ಕುಳಿತು ನನ್ನ ಬಾಯನ್ನೇ ನೋಡುತ್ತಿದ್ದಳು.

ಸಂಜೆಯ ಕೊನೆಯ ಬಸ್ಸು ತಪ್ಪಬಾರದು, ಅಷ್ಟೇ. ಫೆಬ್ರವರಿ ಎಂಟರಂದು ಹಾಲಿನಲ್ಲಿ ಸಿಗೋಣ. ಅಮ್ಮಿಗೆ ಹಾಸಿಗೆ ಒಳಗಿಡಲು ಹೇಳಿ.

ನಿಖತ

*

ಜಾಂಬೋಟಿ, ಅರಣ್ಯ ಇಲಾಖೆಯ ಗೇಟು
9 ಫೆಬ್ರವರಿ 2025, ಬೆಳಿಗ್ಗೆ

ಬೇಟಾ,

ಇದನ್ನು ಓದಲು ನೀನು ಇದ್ದೀಯೋ ಇಲ್ಲವೋ, ನನಗೆ ಗೊತ್ತಿಲ್ಲ.

ಬೆಳಗಾಗುತ್ತಲೇ ಭರಮಣ್ಣನ ಫೋನು ಬಂತು. ನಿನ್ನೆ ನಾನೇ ಕೈ ಅಡ್ಡ ಹಿಡಿದು ನಿಲ್ಲಿಸಿ, ನಿಮ್ಮನ್ನು ಹತ್ತಿಸಿದ ಜೀಪಿನ ಭರಮಣ್ಣ. "ಚಾಚಾ, ಟೀಚರ್‌ಗ ಕರಡಿ..." ಎಂದ. ಲೈನು ಕಡಿಯಿತು. ತಿರುಗಿ ಹಚ್ಚಿದರೆ ಹತ್ತಲಿಲ್ಲ. ಅಮ್ಮಿ ಬಾಗಿಲಲ್ಲಿ ನಿಂತಿದ್ದಳು. ನಾನು ಚಪ್ಪಲಿ ಮೆಟ್ಟಿದೆ. ಅವಳು ನನ್ನ ಕೈಯಲ್ಲಿ ನಿನ್ನ ಶಾಲು ಇಟ್ಟಳು.

ಇಲ್ಲಿಗೆ ಬಂದರೆ ಗೇಟು ಹಾಕಿದ್ದಾರೆ. ಮರಿಗಳಿರುವ ಕರಡಿ ಇನ್ನೂ ದಾರಿಯ ಬದಿಯಲ್ಲೇ ಇದೆಯಂತೆ, ಅದನ್ನು ಸರಿಸುವವರೆಗೆ ಯಾರನ್ನೂ ಬಿಡುವುದಿಲ್ಲವಂತೆ. ರೇಂಜು ಹುಡುಕಿ ಇಲ್ಲಿಯವರೆಗೆ ಬಂದು ಫೋನು ಹಚ್ಚಿದ ಭರಮಣ್ಣ ಇಲಾಖೆಯವರ ಜೊತೆ ಮತ್ತೆ ಒಳಗೆ ಹೋಗಿಬಿಟ್ಟಿದ್ದಾನೆ. ಯಾರಿಗೆ ಏನಾಗಿದೆ ಎಂದು ಗೇಟಿನವನಿಗೆ ಗೊತ್ತಿಲ್ಲ. "ಒಂದ ಹೆಣ್ಣಮಗಳಿಗೆ ಭಾಳ ಆಗೇತಿ ಅಂತಾರ್ರಿ" ಎಂದಷ್ಟೇ ಹೇಳುತ್ತಾನೆ. ಯಾವ ಹೆಣ್ಣುಮಗಳಿಗೆ? ಇದ್ದವರೆಲ್ಲ ಹೆಣ್ಣುಮಕ್ಕಳೇ.

ನಿನ್ನೆ ನೀನು ಎಷ್ಟು ಸಲ ಗಡಿಯಾರ ನೋಡಿದೆ ಎಂಬುದು ನನ್ನ ಕಣ್ಣ ಮುಂದಿದೆ. ಪರೀಕ್ಷಕರ ಮಾತು ಮುಗಿಯಲಿಲ್ಲ, ಮುಖ್ಯ ಅತಿಥಿ ತಡವಾಗಿ ಬಂದರು, ನನ್ನ ಕೈ ಓಡಲಿಲ್ಲ. ಕಾಶವ್ವನ ಗಾಡಿ ಹಾಲಿನ ನುಣುಪು ನೆಲದ ಮೇಲೆ ಜಾರಿ ನಿಂತಲ್ಲೇ ಗಿರಗಿರ ತಿರುಗಿತಲ್ಲ, ಅವಳು ಅಳಲಿಲ್ಲ. ನನ್ನ ಮೇಜಿನ ಹತ್ತಿರ ಬಂದು ನಿಂತು, "ನಂದು ಯಾವಾಗ ಬರೀತೀರಿ, ಅಜ್ಜಾ?" ಎಂದಳು. ನೀನು ಹೊರಡೋಣ ಎಂದೆ. "ಇನ್ನೊಂದೇ ಉಳಿದಿದೆ, ಬೇಟಾ" ಎಂದವನು ನಾನು. ಆ ಒಂದು ಫಲಕಕ್ಕೆ ಬಸ್ಸು ಹೋಯಿತು.

ಸತ್ಯಪ್ಪ ಎಂಬ ಗಾರ್ಡ್ ಒಳಗೆ ಹೊರಟಿದ್ದಾನೆ. ಈ ಹಾಳೆ ಅವನ ಕೈಯಲ್ಲಿ ಕೊಡುತ್ತೇನೆ. ಇದರ ಬೆನ್ನ ಮೇಲೆ ಒಂದು ಅಕ್ಷರ ಬರೆ. ನಿನ್ನ ಕೈಯಿಂದಲೇ ಬರೆ.

ಅಬ್ಬಾ

*

ಅದೇ ಹಾಳೆಯ ಬೆನ್ನಿಗೆ
9 ಫೆಬ್ರವರಿ 2025

ಅಬ್ಬಾ,

ಬದುಕಿದ್ದೇನೆ. ಹುಡುಗಿಯರಿಬ್ಬರಿಗೂ ಒಂದು ಗೀರೂ ಇಲ್ಲ. ನಾನು ಹೇಳುತ್ತಿದ್ದೇನೆ, ಕಾಶವ್ವ ಬರೆಯುತ್ತಿದ್ದಾಳೆ. ಬಲಗೈಗೆ ಸ್ವಲ್ಪ ಪೆಟ್ಟಾಗಿದೆ. ಅಕ್ಷರ ನೋಡಿ ಗಾಬರಿಯಾಗಬೇಡಿ. ಅಮ್ಮಿಗೆ ಜಾರಿ ಬಿದ್ದಳೆಂದು ಹೇಳಿ.

ನಿಖತ

ಅಜ್ಜಾರ, ಇದನ್ನ ನಾ ಕಾಶವ್ವ ಬರ್ಯಾಕತ್ತೀನಿ, ಟೀಚರ್‌ಗ ಗೊತ್ತಿಲ್ಲ. ಸ್ವಲ್ಪ ಅಲ್ರಿ. ಕೈ ಭಾಳ ಹರದೈತಿ. ರಕ್ತ ಈಗ ನಿಂತೈತಿ. ಜ್ವರ ಬಂದಾವು. ಲಗೂನ ಗಾಡಿ ಕಳಸ್ರಿ. ನಾ ಬಾಜೂನ ಕುಂತೀನಿ, ಏಳಂಗಿಲ್ಲ.

*

ಫಣಸವಾಡಿ
30 ಮಾರ್ಚ್ 2025

ಪ್ರೀತಿಯ ನಿಖತ ಟೀಚರ್ ಅವರಿಗೆ,

ನಿಮ್ಮ ಕೈಗೆ ಎರಡನೆಯ ಸಲ ಆಪರೇಷನ್ ಆಯಿತೆಂದು ಕಂಡಕ್ಟರ್ ಮಾಮಾ ಹೇಳಿದರು. ಬೆರಳು ಮಡಚಲು ಬರುತ್ತದೆಯೋ ಇಲ್ಲವೋ ಅವರಿಗೆ ಗೊತ್ತಿಲ್ಲ. ನೀವೇ ಬರೆಯಿರಿ. ಎಡಗೈಯಿಂದ ಬರೆದರೂ ನಾನು ಓದುತ್ತೇನೆ.

ನಾವು ಶಾಲೆಗೆ ಹೋಗುವಾಗ ಈಗ ದೊಡ್ಡವರು ಜೊತೆ ಬರುತ್ತಾರೆ. ಮುಂದಿನಾಕಿ ಅಟ್ಟದ ಮೇಲೆ ಇದೆ. ನಾನು ಮುಟ್ಟಿಲ್ಲ. ರಾತ್ರಿ ಅವ್ವನ ಬದಿಗೆ ಮಲಗುತ್ತೇನೆ. ನಿದ್ದೆಯಲ್ಲಿ ಒದರುತ್ತೇನಂತೆ.

ಫಲಕವನ್ನು ಅವ್ವ ತೊಳೆದು ಒರೆಸಿ ಗೂಡಿನಲ್ಲಿ ಇಟ್ಟಿದ್ದಾಳೆ. ಏನು ಬರೆದಿದೆ ಎಂದು ಕೇಳಿದಳು. 'ಕಾಶವ್ವ. ತನ್ನ ಊರಿನವರು ನಡೆಯುವ ದಾರಿಯಲ್ಲಿ ಅವರಿಗಿಂತ ಮುಂದೆ ಹೋಗುವ ಗಾಡಿ ಮಾಡಿದಳು' ಎಂದು ಓದಿದೆ. ಇನ್ನೊಮ್ಮೆ ಓದು ಎಂದಳು. "ಖರೇನ ಹಿಂಗ ಬರದಾರ? ಗೆದ್ದಿಲ್ಲಲ್ಲ ನೀ?" ಎಂದಳು. ಆಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ರತ್ನಮಾಲಾ ಮೇಡಂ ಕಾರಿನಲ್ಲಿ ನಮ್ಮೂರಿಗೆ ಬಂದಿದ್ದರು. ನನಗೆ ಶೌರ್ಯದ ಕಪ್ಪು ಕೊಡುತ್ತಾರಂತೆ, ಬೆಳಗಾವಿಯ ವೇದಿಕೆಯ ಮೇಲೆ. ನಾನು ಒಲ್ಲೆ ಎಂದೆ. ಅಪ್ಪ ಸಿಟ್ಟಾದ. ಮೇಡಂ ಆಗಲಿಲ್ಲ. ಯಾಕೆ ಎಂದು ಕೇಳಿದರು. ನಾನು ಶೌರ್ಯ ಮಾಡಲಿಲ್ಲ, ಎಲ್ಲರಿಗಿಂತ ಹೆಚ್ಚು ಹೆದರಿದವಳು ನಾನೇ ಎಂದೆ. ನಿಮಗೆ ಗೊತ್ತಲ್ಲ ಟೀಚರ್. ನನ್ನ ಲಂಗ ಒದ್ದೆಯಾಗಿದ್ದನ್ನು ನೀವು ಯಾರಿಗೂ ಹೇಳಲಿಲ್ಲ.

"ಹಂಗಾರ ಏನ ಕೊಡಲಿ ನಿನಗ?" ಎಂದು ಮೇಡಂ ಕೇಳಿದರು. "ಏನರ ಕೊಡ್ರಿ ಮೇಡಂ. ಬೆಳಕ ಇದ್ದಾಗ ಕೊಡ್ರಿ, ಎಲ್ಲಾರಿಗೂ" ಎಂದೆ. ಅವರು ಕನ್ನಡಕ ತೆಗೆದು ಒರೆಸುತ್ತ ಕುಳಿತರು. ಅವ್ವ ಚಹಾ ಕೊಟ್ಟಳು.

ಜೂನ್‌ನಲ್ಲಿ ಬರುತ್ತೀರಾ? ಬೇರೆ ಟೀಚರ್ ಬರುತ್ತಾರೆ ಎಂದು ಶೇವಂತಾ ಹೇಳುತ್ತಾಳೆ.

ನಿಮ್ಮ ವಿದ್ಯಾರ್ಥಿನಿ,
ಕಾಶವ್ವ

*

ಫಣಸವಾಡಿ
22 ಜೂನ್ 2025

ಅಬ್ಬಾ,

ಎಡಗೈಯ ಅಕ್ಷರ. ಓದಲು ಕಷ್ಟವಾದರೆ ಅಮ್ಮಿಯಿಂದ ಓದಿಸಬೇಡಿ. ಇದು ನಿಮಗೊಬ್ಬರಿಗೇ.

ಇಷ್ಟು ತಿಂಗಳು ನಿಮ್ಮ ಮನೆಯಲ್ಲಿದ್ದೆ. ನೀವು ದಿನಾ ನನ್ನ ಕೈಯ ಪಟ್ಟಿ ನೋಡುತ್ತಿದ್ದಿರಿ, ನಾನು ಗೋಡೆ ನೋಡುತ್ತಿದ್ದೆ. ಒಮ್ಮೆಯೂ ಆ ಸಂಜೆಯ ಮಾತು ಬರಲಿಲ್ಲ. ತಪ್ಪು ನಿಮ್ಮದು ಎಂದು ನೀವು ತಿಳಿದುಕೊಂಡಿದ್ದೀರಿ. ಮತ್ತೆ ಇಲ್ಲಿಗೆ ಹೊರಟ ದಿನ ನೀವು ಬಸ್ಸಿನ ಕಿಟಕಿ ಹಿಡಿದು ಏನೋ ಹೇಳಲು ಬಂದು, "ನೀರು ಕುಡಿ" ಎಂದಿರಿ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಭರಮಣ್ಣನ ಜೀಪು ಹಳ್ಳದ ಇಳುಕಲಿನಲ್ಲಿ ಕೆಟ್ಟು ನಿಂತಿತು. ಸೂರ್ಯ ಮುಳುಗಿದ್ದ. ಊರಿನ ದೀಪಗಳು ಕಾಣುತ್ತಿದ್ದವು. "ಗಾಡ್ಯಾಗ ಕುಂದರ್ರಿ ಟೀಚರ್, ನಾ ಹೋಗಿ ಮಂದಿನ್ನ ಕರಕೊಂಡು ಬರ್ತೀನಿ" ಎಂದ ಭರಮಣ್ಣ. ಒಲ್ಲೆ ಎಂದವಳು ನಾನು. ಕತ್ತಲಾಗುವುದರೊಳಗೆ ಕೈಯಲ್ಲಿ ಕೊಡುತ್ತೇನೆ ಎಂದಿದ್ದೆನಲ್ಲ, ಆ ಮಾತು ತಲೆಯಲ್ಲಿ ಬಡಿಯುತ್ತಿತ್ತು. ನಡೆದೇಬಿಡೋಣ ಎಂದೆ.

ಕಾಶವ್ವ ಗಾಡಿಯನ್ನು ದಾರಿಗೆ ಬಿಟ್ಟು ಸ್ವಿಚ್ ಒತ್ತಿದಳು. ಹಾಲಿನಲ್ಲಿ ತೋರಿಸಿ ತೋರಿಸಿ ಬ್ಯಾಟರಿ ಸತ್ತಿತ್ತು. ಎತ್ತಿ ಎದೆಗೆ ಅವಚಿಕೊಂಡಳು. ಸದ್ದಿರಲಿ ಎಂದು ಮಗ್ಗಿ ಹೇಳಿಸಿದೆ. ಮೂವರೂ ಕೂಗಿ ಕೂಗಿ ಏಳರ ಮಗ್ಗಿ ಹೇಳುತ್ತ ನಡೆದೆವು. ಭರಮಣ್ಣ ಹಿಂದೆ. ನಡುನಡುವೆ ಉಸಿರು ಸಾಲದೆ ಎಲ್ಲರೂ ಒಟ್ಟಿಗೇ ನಿಲ್ಲಿಸುತ್ತಿದ್ದೆವು. ಆ ನಿಶ್ಶಬ್ದ ಕೇಳಲಾರದೆ ಮತ್ತೆ ಶುರುಮಾಡುತ್ತಿದ್ದೆವು.

ಪೊದೆಯಿಂದ ಮೊದಲು ಬಂದದ್ದು ಮರಿ. ನಾಯಿಮರಿ ಎಂದುಕೊಂಡೆ, ಅಬ್ಬಾ. ಅಯ್ಯೋ ಪಾಪ, ದಾರಿ ತಪ್ಪಿದೆ ಎಂದುಕೊಂಡೆ. ಆಮೇಲೆ ಅದರ ಹಿಂದಿನ ಕತ್ತಲೆಯೇ ಎದ್ದು ನಿಂತಿತು. ಕೈಯನ್ನು ಮುಖಕ್ಕೆ ಅಡ್ಡ ತಂದೆ. ಅದರ ಉಸಿರಿನ ವಾಸನೆ ಗೊತ್ತು, ಉಳಿದದ್ದು ಗೊತ್ತಿಲ್ಲ. ಭರಮಣ್ಣ ಕಲ್ಲು ತೂರಿ ಬೊಬ್ಬೆ ಹಾಕಿದನಂತೆ. ಶೇವಂತಾ ಇನ್ನೂ ಕಣ್ಣು ಮುಚ್ಚಿ ಮಗ್ಗಿಯನ್ನೇ ಹೇಳುತ್ತಿದ್ದಳಂತೆ. ಕರಡಿ ಹೊರಟುಹೋಯಿತು. ಹೇಗೆ, ಯಾಕೆ, ಯಾರಿಗೂ ಗೊತ್ತಿಲ್ಲ.

ಕಾಶವ್ವ ಓಡಲಿಲ್ಲ ಎಂದು ಎಲ್ಲರೂ ಹೊಗಳುತ್ತಾರೆ. ಓಡಲು ಅವಳಿಗೆ ಕಾಲೇ ಬರಲಿಲ್ಲ. ಸತ್ತ ಬ್ಯಾಟರಿಯ ಸ್ವಿಚ್ಚನ್ನು ಒತ್ತುತ್ತಲೇ ಇದ್ದಳು. ಆಮೇಲೆ ಅದನ್ನು ಕೆಳಗಿಟ್ಟು, ನನ್ನ ಓಢಣಿ ಎಳೆದು ತೋಳಿಗೆ ಬಿಗಿದು ಕಟ್ಟಿದಳು. ಅವಳ ತಾಯಿಗೆ ಹೀಗೇ ಕಟ್ಟಿದ್ದರಂತೆ. "ಕಣ್ಣ ಮುಚ್ಚಬ್ಯಾಡ್ರಿ ಟೀಚರ್. ನಮ್ಮವ್ವನೂ ಮುಚ್ಚಿರಲಿಲ್ಲ" ಎಂದು ಊರು ಬರುವವರೆಗೂ ಹೇಳುತ್ತಿದ್ದಳು.

ಅಕ್ಕವ್ವ ಬಾಗಿಲಲ್ಲಿದ್ದರು. ಪೂರ್ತಿ ಕತ್ತಲಾಗಿತ್ತು. ಮಗಳ ತಲೆ, ಮುಖ, ಬೆನ್ನು ಮುಟ್ಟಿ ಮುಟ್ಟಿ ನೋಡಿದರು. ಬೆಳಗಿನವರೆಗೆ ನನ್ನ ತೋಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು.

ಈಗ ಇಲ್ಲಿ ಶಾಲೆಯ ಅಂಗಳದಲ್ಲಿ ನಾಯಿಮರಿ ಬಂದರೂ ನನ್ನ ಬಾಯಿ ಒಣಗುತ್ತದೆ. ಆದರೂ ಬಂದಿದ್ದೇನೆ. ಯಾಕೆ ಎಂದು ನೀವು ಕೇಳಲಿಲ್ಲ, ಅದಕ್ಕೆ ನಾನು ಋಣಿ.

ನಿಖತ

*

ಕ್ಯಾಂಪ್, ಬೆಳಗಾವಿ
14 ಡಿಸೆಂಬರ್ 2025

ಬೇಟಾ,

ನಿನ್ನ ಜೂನ್ ತಿಂಗಳ ಕಾಗದಕ್ಕೆ ನಾನು ಉತ್ತರ ಬರೆದಿಲ್ಲ. ಬರೆದು ಬರೆದು ಹರಿದೆ. ನಿನ್ನ ಕಾಗದ ಅಂಗಿಯ ಜೇಬಿನಲ್ಲಿಯೇ ಇರುತ್ತದೆ.

ನಿನ್ನೆ ಸಮಿತಿ ಸೇರಿತ್ತು. ಭಾಗವಹಿಸಿದವರಿಗೆ ಬೆಳಿಗ್ಗೆಯೇ ಫಲಕ ಕೊಡಬೇಕು ಎಂದು ಮೇಡಂ ಹೇಳಿದರು. ದೊಡ್ಡ ಗದ್ದಲವಾಯಿತು. ಮುಖ್ಯ ಅತಿಥಿ ಬರುವುದು ಮಧ್ಯಾಹ್ನದ ಮೇಲೆ, ಫೋಟೋ ಹೇಗೆ? ಕೈಗೆ ಫಲಕ ಬಂದ ಮೇಲೆ ಕಡೆತನಕ ಹಾಲಿನಲ್ಲಿ ಯಾರು ಕೂರುತ್ತಾರೆ? ಒಬ್ಬರಂತೂ, "ಖಾಲಿ ಕುರ್ಚಿಗಳಿಗೆ ಭಾಷಣ ಮಾಡಸೂಣೇನ್ರಿ?" ಎಂದರು. ನಾನು ಮೂಲೆಯಲ್ಲಿ ಕುಳಿತಿದ್ದೆ. ಸಭೆಯಲ್ಲಿ ಮಾತನಾಡಿ ಗೊತ್ತಿಲ್ಲದವನು. ಎದ್ದು ನಿಂತು, "ಮಾಡಸ್ರಿ. ಕುರ್ಚಿಗೆ ಮನಿ ಮುಟ್ಟೂದು ಇರಂಗಿಲ್ಲ" ಎಂದೆ. ಮೇಡಂ ಅಲ್ಲಿಗೇ ನಿರ್ಣಯ ಬರೆದರು.

ಮಗು ತನ್ನ ಯಂತ್ರ ತೋರಿಸಿದ ಕೂಡಲೇ ಬಾಗಿಲ ಹತ್ತಿರದ ನನ್ನ ಮೇಜಿಗೆ ಬರುತ್ತದೆ. ದೂರದಿಂದ ಬಂದವರದು ಮೊದಲು. ಈ ಸಲ ಸಾಲನ್ನು ಪರೀಕ್ಷಕರು ಹೇಳುವುದಿಲ್ಲ, ಮಗುವೇ ಹೇಳುತ್ತದೆ. ಮಧ್ಯಾಹ್ನದ ಬಸ್ಸಿಗೆ ನೀವು ಹೊರಡಬಹುದು.

ಸ್ಪರ್ಧೆ ಫೆಬ್ರವರಿ ಏಳಕ್ಕೆ. ಇದರ ಕೆಳಗೆ ನಾನು ಹೊಡೆದುಹಾಕಿದ ಸಾಲನ್ನು ಬೆಳಕಿಗೆ ಹಿಡಿಯಬೇಡ. ಅದರಲ್ಲಿ ಏನಿದೆ ಎಂಬುದು ನಿನಗೆ ಗೊತ್ತೇ ಇದೆ. ಬರುವುದು ಬಿಡುವುದು ನಿನ್ನದು, ಹುಡುಗಿಯರದು.

ಅಬ್ಬಾ

*

ಫಣಸವಾಡಿ
7 ಫೆಬ್ರವರಿ 2026

ಅಬ್ಬಾ,

ಮುಟ್ಟಿದೆವು. ಬಿಸಿಲು ಇನ್ನೂ ಗದ್ದೆಯ ಮೇಲಿದೆ. ಮರಳಿ ಹೋಗುವ ಇದೇ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಈ ಚೀಟಿ ಕೊಡುತ್ತಿದ್ದೇನೆ. ಅವರು ಬೀಡಿ ಮುಗಿಸುವುದರೊಳಗೆ ಬರೆಯಬೇಕು.

ಬಸ್ಸಿನಲ್ಲಿ ಕಾಶವ್ವ ತನ್ನ ಫಲಕವನ್ನು ತೋರಿಸಲಿಲ್ಲ. ಅವಳು ಈ ಸಲ ಯಂತ್ರ ಮಾಡಿರಲಿಲ್ಲ, ಶೇವಂತಾಳ ಯಂತ್ರದ ತಂತಿ ಹಿಡಿದುಕೊಂಡು ನಿಂತಿದ್ದಳು, ಅಷ್ಟೇ. ಅವಳು ನಿಮ್ಮಿಂದ ಏನು ಬರೆಸಿಕೊಂಡಳು ಎಂದು ನನಗೆ ಕುತೂಹಲವಿತ್ತು. ಹಳ್ಳ ಹತ್ತಿರ ಬಂದಂತೆ ಅವಳು ನನ್ನ ಮಡಚಲಾಗದ ಕೈಯನ್ನು ಹಿಡಿದುಕೊಂಡಳು. ಶೇವಂತಾ ಕೇಳದೆಯೇ ಮಗ್ಗಿ ಶುರುಮಾಡಿದಳು. ಬಸ್ಸಿನವರೆಲ್ಲ ತಿರುಗಿ ನೋಡಿದರು.

ಇಳಿದರೆ ದಾರಿಯ ತಿರುವಿನಲ್ಲಿ ಅಕ್ಕವ್ವ ನಿಂತಿದ್ದರು. ಗಾಯವಾದ ಮೇಲೆ ಅವರು ಮನೆಯಿಂದ ಇಷ್ಟು ದೂರ ಬಂದದ್ದು ಇದೇ ಮೊದಲಂತೆ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬಾರಿಸಲು ಹಿತ್ತಾಳೆಯ ತಾಟು. ಸೆರಗು ಭುಜದ ಮೇಲಿತ್ತು. ಅವರ ಮುಖವನ್ನು ನಾನು ಬಿಸಿಲಿನಲ್ಲಿ ನೋಡಿದ್ದು ಇದೇ ಮೊದಲು.

"ಒಬ್ರ ಯಾಕ ಬಂದ್ರಿ, ಅಕ್ಕವ್ವಾ?" ಎಂದೆ.

ಅವರು ಪೊದೆಗಳ ಕಡೆ ಇನ್ನೊಮ್ಮೆ ನೋಡಿ ತಾಟನ್ನು ಕಂಕುಳಿಗೆ ಇರುಕಿಕೊಂಡರು. ಕಾಶವ್ವ ಚೀಲದಿಂದ ಫಲಕ ತೆಗೆದು ತಾಯಿಯ ಕೈಗೆ ಕೊಟ್ಟು, ಬೆರಳಿಟ್ಟು ಓದಿದಳು: "ಕಾಶವ್ವ. ಅಂಜಿದ್ದಳು. ಬಂದಳು."

ಅಕ್ಕವ್ವ ಅದನ್ನು ತಿರುಗಿಸಿ ನೋಡಿ, ಸೆರಗಿನಿಂದ ಒರೆಸಿ, ಮಗಳಿಗೆ ವಾಪಸು ಕೊಡದೆ ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಇದು ನಂದು. ನಿಂದು ಬ್ಯಾರೆ ಬರಿಸ್ಕೊ" ಎಂದರು.

ಕಂಡಕ್ಟರ್ ಕೂಗುತ್ತಿದ್ದಾರೆ. ಅಮ್ಮಿಗೆ ಮೊದಲು ಹೇಳಿ, ಆಮೇಲೆ ಓದಿಕೊಳ್ಳಿ: ಎಲ್ಲರೂ ಮುಟ್ಟಿದೆವು.

ನಿಖತ